ಹುಡುಕಿದ್ದು ಮದ್ದು, ಸಿಕ್ಕಿದ್ದು ಬಣ್ಣ

ಹುಡುಕುವ ಬಳ್ಳಿ ಕಾಲಿಗೆ ತೊಡರುವುದು ಅದೃಷ್ಟ. ವಿಲಿಯಂ ಪರ್ಕಿನ್‌ನ ಕಾಲಿಗೆ ತೊಡರಿದ್ದು ಅವನು ಹುಡುಕದೇ ಇದ್ದ ಬಳ್ಳಿ.

1856ರ ಈಸ್ಟರ್ ರಜೆಯಲ್ಲಿ ಹದಿನೆಂಟರ ಈ ಹುಡುಗ ಲಂಡನ್ನಿನ ತನ್ನ ಮನೆಯಲ್ಲೇ ಮಲೇರಿಯಾದ ಮದ್ದಾದ ಕ್ವಿನೈನ್ ತಯಾರಿಸಲು ಹೊರಟಿದ್ದ. ಸಿಂಕೋನಾ ಮರದ ತೊಗಟೆಯಿಂದಷ್ಟೇ ದೊರೆಯುತ್ತಿದ್ದ ಆ ಮದ್ದನ್ನು ಕಲ್ಲಿದ್ದಲಿನ ಡಾಂಬರಿನಿಂದ ಪಡೆಯಬಹುದೆಂಬುದು ಅವನ ಗುರು ಹಾಫ್‌ಮನ್ನರ ಊಹೆ. ಪರಮಾಣುಗಳ ಲೆಕ್ಕ ಕೂಡಿದರೆ ಸಾಕೆಂದು ಪರ್ಕಿನ್ ನಂಬಿದ್ದ. ಅವುಗಳ ಜೋಡಣೆ ಆಗ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ಕಪ್ಪು ಗಸಿ. ಅದನ್ನು ಮದ್ಯಸಾರದಿಂದ ತೊಳೆದಾಗ ಸೊಗಸಾದ ನೇರಳೆ ಬಣ್ಣ ಹೊರಟಿತು. ರೇಷ್ಮೆಗೆ ಹಿಡಿದ ಆ ಬಣ್ಣ ತೊಳೆದರೂ ಬಿಡಲಿಲ್ಲ.

ಪ್ರಾಚೀನ ರೋಮಿನಲ್ಲಿ ನೇರಳೆ ಅರಸರ ಬಣ್ಣ. ಅದರ 1.4 ಗ್ರಾಂ ಪುಡಿಗೆ 12,000 ಕಡಲ ಬಸವನಹುಳುಗಳು ಬೇಕು. ಪರ್ಕಿನ್ ಓದು ಬಿಟ್ಟು 1857ರಲ್ಲಿ ಕಾರ್ಖಾನೆ ತೆರೆದ. ಮರುವರ್ಷ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಈ ಬಣ್ಣದ ಉಡುಪು ತೊಟ್ಟಳು. ಅರಸರ ಬಣ್ಣ ಸಾಮಾನ್ಯರ ಬಟ್ಟೆಗೂ ಇಳಿಯಿತು.

ಆದರೆ ಎಲ್ಲರಿಗೂ ಇದರಿಂದ ಒಳಿತಾಗಲಿಲ್ಲ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಭಾರತದ ನೀಲಿಯ ಬೆಲೆ ಕುಸಿಯಿತು. ಬಿಹಾರದ ಚಂಪಾರಣ್‌ನ ಬಿಳಿಯ ತೋಟದ ದೊರೆಗಳು ತಮ್ಮ ನಷ್ಟವನ್ನು ಗೇಣಿ ಏರಿಸಿ ರೈತರ ತಲೆಗೆ ಕಟ್ಟಿದರು. ಆ ರೈತರ ಗೋಳೇ 1917ರಲ್ಲಿ ಗಾಂಧೀಜಿಯನ್ನು ಅಲ್ಲಿಗೆ ಕರೆತಂದಿತು.

ಇದೇ ಬಣ್ಣಗಳ ಇನ್ನೊಂದು ಕವಲು ವೈದ್ಯದತ್ತ ತಿರುಗಿತು. ಕೆಲವು ಬಣ್ಣಗಳು ಒಂದು ಬಗೆಯ ಜೀವಕೋಶಕ್ಕೆ ಅಂಟಿ ಪಕ್ಕದ್ದನ್ನು ಬಿಡುವುದನ್ನು ಜರ್ಮನಿಯ ಪಾಲ್ ಎರ್ಲಿಕ್ ಗಮನಿಸಿದರು. ಹಾಗಿದ್ದರೆ ರೋಗಾಣುವನ್ನಷ್ಟೇ ಹಿಡಿದು ಕೊಲ್ಲುವ ವಸ್ತುವೂ ಇರಬಾರದೇಕೆ? 1891ರಲ್ಲಿ ಅವರು ಮಿಥಿಲೀನ್ ನೀಲಿ ಎಂಬ ಬಣ್ಣವನ್ನು ಇಬ್ಬರು ರೋಗಿಗಳಿಗೆ ಕೊಟ್ಟರು. ಅದು ಗುಣ ಕೊಟ್ಟಿತು. ಅವರಿಗಿದ್ದ ಕಾಯಿಲೆ ಮಲೇರಿಯಾ! ಮುಂದೆ 1930ರ ದಶಕದಲ್ಲಿ ಸಲ್ಫಾ ಔಷಧಿಗಳ ಯುಗ ತೆರೆದ ಪ್ರಾಂಟೋಸಿಲ್ ಕೂಡ ಒಂದು ಕೆಂಪು ಬಣ್ಣವೇ.

ಮಲೇರಿಯಾದ ಮದ್ದು ಹುಡುಕುತ್ತಾ ಬಣ್ಣಕ್ಕೆ ತಲುಪಿದ ದಾರಿ ಹೀಗೆ ಮಲೇರಿಯಾದ ಮದ್ದಿಗೇ ಮರಳಿತು. ಪರ್ಕಿನ್ ಹುಡುಕಿದ್ದ ಕ್ವಿನೈನ್ ಮಾತ್ರ ಇಂದಿಗೂ ಸಿಂಕೋನಾ ಮರದ ತೊಗಟೆಯಿಂದಲೇ ಬರುತ್ತಿದೆ.