‘ಜಾರಿ’ ಎಂದರೆ ಯಾವ ಜಾರಿ? ಕಾನೂನಿನ ಇಂಗ್ಲಿಷ್ ಕ್ರಿಯಾಪದಗಳ ಪರಿಚಯ

ಗಡಿನಾಡಿನ ನಮಗೆ ಬರುವ ಸರಕಾರಿ ಕಾಗದ ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ. ಅದನ್ನು ಓದಿದವರು ಊರಿನಲ್ಲಿ ಹೇಳುವುದು ಒಂದೇ ಮಾತು: ‘ಕಾನೂನು ಜಾರಿಯಾಯಿತಂತೆ.’ ಮಸೂದೆ ಸದನದಲ್ಲಿ ಪಾಸಾದರೂ ಜಾರಿ, ಸುಗ್ರೀವಾಜ್ಞೆ ಹೊರಟರೂ ಜಾರಿ, ನೋಟಿಸು ಮನೆಗೆ ಬಂದರೂ ಜಾರಿ. ಇಂಗ್ಲಿಷಿನಲ್ಲಿ ಇವುಗಳಿಗೆ ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮ ಕೈಯಲ್ಲಿ ಇನ್ನೆಷ್ಟು ಸಮಯವಿದೆ, ಮನವಿಯನ್ನು ಯಾರಿಗೆ ಕೊಡಬೇಕು ಎಂಬುದು ಕಾಗದದಲ್ಲಿರುವ ಕ್ರಿಯಾಪದದ ಮೇಲೆ ನಿಂತಿದೆ. ಆದ್ದರಿಂದ ಸದಸ್ಯರ ಉಪಯೋಗಕ್ಕಾಗಿ ಈ ಪಟ್ಟಿ.

ಪಾಸ್: ಮಸೂದೆಯನ್ನು ಸದನ ಒಪ್ಪುವುದು. ಕೇರಳ, ತಮಿಳುನಾಡು, ಗೋವಾಗಳಲ್ಲಿ ವಿಧಾನಸಭೆ ಮಾತ್ರ ಇದೆ. ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿ ವಿಧಾನ ಪರಿಷತ್ತೂ ಇದೆ. ಸದನ ಒಪ್ಪಿದ ಮೇಲೂ ಅದು ಮಸೂದೆಯೇ, ಕಾನೂನಲ್ಲ.

ಅಸೆಂಟ್: ಅಂಕಿತ ಹಾಕುವುದು. ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಹಣಕಾಸು ಮಸೂದೆಯಲ್ಲದಿದ್ದರೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಇಲ್ಲವೇ ರಾಷ್ಟ್ರಪತಿಯವರಿಗೆ ಕಾಯ್ದಿರಿಸಬಹುದು. ಕೇರಳ ವಿಧಾನಸಭೆ 2015ರಲ್ಲಿ ಪಾಸ್ ಮಾಡಿದ ಮಲಯಾಳ ಭಾಷಾ ಮಸೂದೆ ಹೀಗೆ ರಾಷ್ಟ್ರಪತಿಯವರ ಬಳಿಗೆ ಹೋಗಿ ವರ್ಷಗಟ್ಟಲೆ ಕಾದಿತು. ಪಾಸಾದ ಮಸೂದೆಗೂ ಕಾನೂನಿಗೂ ನಡುವೆ ಎಷ್ಟು ದೂರವಿದೆ ಎಂಬುದಕ್ಕೆ ಇದೇ ಸಾಕ್ಷಿ. ಆಕ್ಷೇಪ ಸಲ್ಲಿಸಲು ಈ ಹಂತದಲ್ಲಿ ಇನ್ನೂ ಬಾಗಿಲು ತೆರೆದಿರುತ್ತದೆ.

ಎನಾಕ್ಟ್: ಈ ಎರಡೂ ಹಂತ ಮುಗಿದು ಮಸೂದೆ ಅಧಿನಿಯಮವಾಗುವುದು. ಆದರೆ ಅಧಿನಿಯಮವಾದ ದಿನವೇ ಅದು ನಡೆಯಲು ಶುರುವಾಗಬೇಕೆಂದಿಲ್ಲ. ನಮ್ಮ ಸಂವಿಧಾನವನ್ನು ಅಂಗೀಕರಿಸಿ ಅಧಿನಿಯಮಿಸಿದ್ದು 26 ನವೆಂಬರ್ 1949ರಂದು. ಅದರ ಬಹುಭಾಗ ನಡೆಯತೊಡಗಿದ್ದು 26 ಜನವರಿ 1950ರಂದು.

ಪ್ರಾಮಲ್ಗೇಟ್: ಸದನ ಸೇರಿಲ್ಲದಾಗ ಸುಗ್ರೀವಾಜ್ಞೆ ಹೊರಡಿಸುವುದು. ರಾಜ್ಯಗಳಲ್ಲಿ ಈ ಅಧಿಕಾರ 213ನೇ ವಿಧಿಯಂತೆ ರಾಜ್ಯಪಾಲರದು. ಇದಕ್ಕೆ ಕಾನೂನಿನಷ್ಟೇ ಬಲ, ಆದರೆ ಆಯುಷ್ಯ ಕಡಿಮೆ. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅಧಿನಿಯಮ ಬರದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದ್ದು 2017ರಲ್ಲಿ ಮೊದಲು ಇಂಥ ಸುಗ್ರೀವಾಜ್ಞೆಯಿಂದ. ಅದೇ ವರ್ಷ ಅಧಿನಿಯಮವೂ ಬಂತು. 2015ರ ಮಸೂದೆ ಕಾಯುತ್ತಿದ್ದಾಗ 2017ರದು ಶಾಲೆಯ ಬಾಗಿಲಿಗೆ ಬಂದಿತ್ತು. ಎರಡನ್ನೂ ‘ಭಾಷಾ ಕಾನೂನು ಜಾರಿ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ನೋಟಿಫೈ, ಕಮ್ ಇಂಟು ಫೋರ್ಸ್: ಅಧಿಸೂಚನೆ ಹೊರಡಿಸಿ ದಿನ ಗೊತ್ತುಮಾಡುವುದು, ಆ ದಿನದಿಂದ ಕಾನೂನು ನಡೆಯುವುದು. ಶಿಕ್ಷಣವನ್ನು ಮಕ್ಕಳ ಮೂಲಭೂತ ಹಕ್ಕಾಗಿಸಿದ ಸಂವಿಧಾನದ 86ನೇ ತಿದ್ದುಪಡಿ ಆದದ್ದು 2002ರಲ್ಲಿ, ನಡೆಯತೊಡಗಿದ್ದು 1 ಏಪ್ರಿಲ್ 2010ರಂದು. ನಡುವಿನ ವರ್ಷಗಳಲ್ಲಿ ಅದು ಪುಸ್ತಕದಲ್ಲಿತ್ತು, ಬಳಕೆಯಲ್ಲಿರಲಿಲ್ಲ.

ಇಂಪ್ಲಿಮೆಂಟ್, ಎನ್‌ಫೋರ್ಸ್: ಮೊದಲನೆಯದು ಕಾನೂನಿನಲ್ಲಿರುವುದನ್ನು ಕಚೇರಿಯವರು ಮಾಡಿ ತೋರಿಸುವುದು, ಅಂದರೆ ಅನುಷ್ಠಾನ. ಎರಡನೆಯದು ಮಾಡದವರಿಂದ ಮಾಡಿಸುವುದು. ನಮ್ಮ ಹೆಚ್ಚಿನ ದೂರುಗಳು ಸೇರುವುದು ಇಲ್ಲಿಗೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಲು ಕೇರಳದ 1969ರ ಅಧಿಕೃತ ಭಾಷೆಗಳ ಅಧಿನಿಯಮದಲ್ಲಿ ಅವಕಾಶವಿದೆ. ಹೀಗಿದ್ದೂ ಕಚೇರಿಯಲ್ಲಿ ಕನ್ನಡ ಅರ್ಜಿಯನ್ನು ಹಿಂದಿರುಗಿಸಿದರೆ ಕೊರತೆ ಕಾನೂನಿನದಲ್ಲ, ಅನುಷ್ಠಾನದ್ದು. ಆಗ ‘ನಮಗೆ ಕಾನೂನು ಬೇಕು’ ಎಂದು ಬರೆಯಬಾರದು. ‘ಇರುವ ಕಾನೂನನ್ನು ಪಾಲಿಸಿ’ ಎಂದು ಅಧಿನಿಯಮದ ಹೆಸರು, ವರ್ಷ ಹಾಕಿ ಮೇಲಧಿಕಾರಿಗೆ ಬರೆಯಬೇಕು. 350ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೂ ಒಂದು ಪ್ರತಿ ಕಳಿಸಬಹುದು.

ರೆಕಮೆಂಡ್: ಶಿಫಾರಸು ಮಾಡುವುದು. ಇದರ ಪಾಠವನ್ನು ನಾವು ಕಷ್ಟಪಟ್ಟೇ ಕಲಿತಿದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಆದರೆ 3ನೇ ವಿಧಿಯಂತೆ ರಾಜ್ಯದ ಗಡಿ ಬದಲಿಸುವ ಕಾನೂನು ಮಾಡುವುದು ಸಂಸತ್ತು ಮಾತ್ರ. ಅದು ಎನಾಕ್ಟ್ ಮಾಡದಿರುವಾಗ ಶಿಫಾರಸು ವರದಿಯಲ್ಲೇ ಉಳಿಯಿತು.

ಅಮೆಂಡ್, ರಿಪೀಲ್, ಸ್ಟ್ರೈಕ್ ಡೌನ್: ಕ್ರಮವಾಗಿ ತಿದ್ದುವುದು, ರದ್ದುಮಾಡುವುದು, ಅಸಿಂಧುಗೊಳಿಸುವುದು. ಮೊದಲೆರಡು ಶಾಸಕಾಂಗದ ಕೆಲಸ. ಮೂರನೆಯದು ನ್ಯಾಯಾಲಯದ್ದು, ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಕಂಡಾಗ.

ಇನ್ನು ಮುಂದೆ ‘ಜಾರಿಯಾಯಿತು’ ಎಂಬ ಸುದ್ದಿ ಬಂದರೆ, ಹೆದರುವ ಮೊದಲು ಅಥವಾ ಹಿಗ್ಗುವ ಮೊದಲು ಮೂರು ಪ್ರಶ್ನೆ ಕೇಳೋಣ. ಸದನ ಒಪ್ಪಿದೆಯೋ, ಅಂಕಿತವೂ ಬಿದ್ದಿದೆಯೋ? ರಾಜ್ಯಪತ್ರದಲ್ಲಿ ಯಾವ ದಿನಾಂಕದಿಂದ ಎಂದು ಬರೆದಿದೆ? ಅದನ್ನು ನಡೆಸಬೇಕಾದ ಕಚೇರಿ ಯಾವುದು? ಇವುಗಳಿಗೆ ಉತ್ತರ ಸಿಕ್ಕಿದರೆ ನಮ್ಮ ಮನವಿ ಸರಿಯಾದ ಮೇಜಿಗೆ ಸರಿಯಾದ ಸಮಯಕ್ಕೆ ತಲುಪುತ್ತದೆ.