ಹಳದಿ ಅಂಚಿನ ಪುಸ್ತಕದಾಗಿನ ಫಿಲಿಪ್ಪೀನ್ಸ್

ನಮ್ಮ ಮನ್ಯಾಗ ಎಲ್ಲಾ ಪುಸ್ತಕ ರದ್ದಿಗೆ ಹೋಗ್ತಾವ, ನ್ಯಾಷನಲ್ ಜಿಯಾಗ್ರಫಿಕ್ ಮಾತ್ರ ಹೋಗೂದಿಲ್ಲ. ಅದರ ಚಿತ್ರಕ್ಕ ಅಷ್ಟು ಮರ್ಯಾದಿ. ಆ ಮರ್ಯಾದಿ ಹೆಂಗ ಗಳಿಸಿದ್ರು ಅಂತ ಓದಿದ ಮ್ಯಾಲೆ ನಾ ಹಳೇ ಸಂಚಿಕೆ ನೋಡೂ ರೀತೀನ ಬದಲಾತು.

1898ರ ಯುದ್ಧದಾಗ ಅಮೆರಿಕ ಸ್ಪೇನನ್ನ ಸೋಲಿಸಿ, 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ತಗೊಂಡ್ತು. ಅಲ್ಲಿಯ ಮಂದೀನ ಯಾರೂ ಕೇಳಲಿಲ್ಲ. ಅವರು 1899ರ ಜನವರಿಯೊಳಗ ತಮ್ಮ ಗಣರಾಜ್ಯ ಕಟ್ಟಿದ್ರು. ಮುಂದಿನ ತಿಂಗಳ ಅಮೆರಿಕದ ಜೋಡಿ ಯುದ್ಧ ಶುರು ಆತು.

1905ರ ಏಪ್ರಿಲ್ ಸಂಚಿಕೆಯೊಳಗ ಸಂಪಾದಕ ಗಿಲ್ಬರ್ಟ್ ಗ್ರೋಸ್ವೆನರ್ ಆ ದ್ವೀಪಗಳ 138 ಚಿತ್ರ ಅಚ್ಚು ಹಾಕಿದ. ಎಲ್ಲಾ ಸರಕಾರದ ಜನಗಣತಿಯವು. ಮೊದಲು ಅಲ್ಲಿ ಗವರ್ನರ್ ಆಗಿದ್ದು, ಆಗ ಯುದ್ಧಖಾತೆ ನೋಡ್ಕೋತಿದ್ದ ಟಾಫ್ಟ್ ಈ ಸಂಪಾದಕಗ ಸಂಬಂಧಿಕ. ಆ ವರ್ಷ ಸಂಘದ ಸದಸ್ಯರು 3 ಸಾವಿರ ಚಿಲ್ಲರೆ ಇದ್ದವರು 10 ಸಾವಿರ ದಾಟಿದ್ರು. ಸರಕಾರದ ಸರಕು, ಪತ್ರಿಕೆಯ ವ್ಯಾಪಾರ!

ಈಗ ಲೆಕ್ಕ ನೋಡ್ರಿ. 1903ರ ಅದೇ ಜನಗಣತಿ ಪ್ರಕಾರ ಒಟ್ಟು ಜನ 76 ಲಕ್ಷ. ಅವರೊಳಗ 'ಕಾಡುಜನ' ಅಂತ ಬರಕೊಂಡಿದ್ದು ಬರೇ ಆರೂವರೆ ಲಕ್ಷ. ಆದ್ರ ಪತ್ರಿಕೆಗೆ ಮತ್ತ ಮತ್ತ ಬೇಕಾದವರು ಅವರ. ದ್ವೀಪಗಳ ಆಡಳಿತದಾಗ 12 ವರ್ಷ ಒಳಾಡಳಿತ ಕಾರ್ಯದರ್ಶಿ ಆಗಿದ್ದ ಡೀನ್ ವೂಸ್ಟರ್ ಅನ್ನಾವ 1912ರಾಗ ಉತ್ತರ ಲುಝಾನಿನ ತಲೆ ಕಡಿಯುವವರ ಬಗ್ಗೆ ಬರದ. 1913ರ ನವೆಂಬರಿನಾಗ ಕ್ರೈಸ್ತರಲ್ಲದ ಬುಡಕಟ್ಟುಗಳ ಮ್ಯಾಲೆ ಮತ್ತೊಂದು ಉದ್ದನೆ ಲೇಖನ. ಸ್ವಾತಂತ್ರ್ಯ ಕೊಡಬೇಕೋ ಬ್ಯಾಡೋ ಅಂತ ವಾಷಿಂಗ್ಟನ್ನಿನಾಗ ಚರ್ಚೆ ನಡದ ಹೊತ್ತು ಅದು. ಇಂಥವರ ಕೈಯಾಗ ರಾಜ್ಯ ಹೆಂಗ ಕೊಡೂದು ಅಂತ ಬಾಯಿಬಿಟ್ಟು ಕೇಳೂದ ಬ್ಯಾಡ, ಚಿತ್ರನ ಕೇಳ್ತಿತ್ತು. ಅವನ 1914ರ ಪುಸ್ತಕದಾಗ ಒಬ್ಬ ಬೊಂಟೊಕ್ ಇಗೊರೊಟ್ ಮನುಷ್ಯಾನ 'ರೂಪಾಂತರ' ಅದ: ಮೊದಲು ಲಂಗೋಟಿ, ಆಮ್ಯಾಲೆ ಅಮೆರಿಕದವರ ಪೊಲೀಸ್ ಸಮವಸ್ತ್ರ.

ಮನಿ ಕಸಗೊಳ್ಳಾವ ಊರಿಗೆಲ್ಲಾ ಸೋರೂ ಮೂಲಿ ಅಷ್ಟ ತೋರಸ್ತಾನಲ್ರಿ, ಹಂಗ. ಮನಿಲಾದಾಗಿನ ಸಾಂತೊ ತೊಮಾಸ್ ವಿಶ್ವವಿದ್ಯಾಲಯ 1611ರದ್ದು, ಅಮೆರಿಕದ ಹಾರ್ವರ್ಡ್‌ಗಿಂತ 25 ವರ್ಷ ಹಿರೇದು. ತಲೆ ಕಡಿಯವರ ಮುಂದ ಅದು ಯಾರ ಕಣ್ಣಿಗೆ ಬಿದ್ದೀತು?

2018ರ ಮಾರ್ಚಿನಾಗ ಪತ್ರಿಕೆ ತಾನ ತನ್ನ ಹಳೇ ಪುಟಗಳ ಜನಾಂಗಭೇದ ಒಪ್ಪಿಕೊಂಡು ಬರೀತು. ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯ ಸಿಕ್ಕಿದ್ದು 1946ರ ಜುಲೈ 4ಕ್ಕ, ದಿನಾನೂ ಅಮೆರಿಕದ್ದ! 1962ರಾಗ ಅವರು ತಮ್ಮ ಹಬ್ಬಾನ ಜೂನ್ 12ಕ್ಕ ತಂದ್ರು. 1898ರಾಗ ತಾವ ಸ್ವತಂತ್ರ ಅಂತ ಸಾರಿಕೊಂಡ ದಿನ ಅದು.