ಎಷ್ಟು ಕೊಡ್ತಾರೆ?

ನಮ್ಮ ಮನೆಗೆ ಬೆಲ್ಜಿಯಂ ಹುಡುಗಿಯೊಬ್ಬಳು ಓದಲು ಬಂದಿದ್ದಾಳೆಂದು ಗೊತ್ತಾದ ಕೂಡಲೇ ಬೀದಿಯವರೆಲ್ಲ ಕೇಳಿದ್ದು ಒಂದೇ ಮಾತು: “ತಿಂಗಳಿಗೆ ಎಷ್ಟು ಕೊಡ್ತಾರೆ?” ಮೈಸೂರಿನವರು ಹಾಗೆ ಕೇಳುವುದಕ್ಕೆ ಕಾರಣವಿದೆ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರದಿಂದ ಗೋಕುಲಂಗೆ ಹೋದ ಮೇಲೆ ಅಲ್ಲಿ ಪರದೇಶದವರೆಂದರೆ ಬಾಡಿಗೆ ಎಂದೇ ಅರ್ಥ. ನಮ್ಮದು ರೋಟರಿಯ ವಿನಿಮಯ. ಹುಡುಗಿಯ ಕೈಖರ್ಚಿಗೆ ಕ್ಲಬ್ಬಿನವರು ಒಂದಿಷ್ಟು ಕೊಡುತ್ತಾರೆ, ಮನೆಯವರಿಗೆ ಒಂದು ಕಾಸೂ ಇಲ್ಲ. ಇದನ್ನು ಯಾರೂ ನಂಬಲಿಲ್ಲ.

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು ನಾನು. ದುಡ್ಡಿಲ್ಲದ ಈ ಏರ್ಪಾಡು ಯಾರ ತಲೆಗೆ ಹೊಳೆಯಿತೆಂದು ಹುಡುಕದೆ ಇರಲಾಗಲಿಲ್ಲ. ರೋಟರಿಯವರ ವಿನಿಮಯ 1927ರಲ್ಲಿ ಫ್ರಾನ್ಸಿನ ನೀಸ್ ಊರಿನ ಕ್ಲಬ್ಬಿನಿಂದ ಶುರುವಾಯಿತು. ನನಗೆ ಅದಕ್ಕಿಂತ ರುಚಿಸಿದ್ದು ಡೊನಾಲ್ಡ್ ವಾಟ್ ಎಂಬ ಅಮೆರಿಕನ್ನನ ಸೋಲಿನ ಕಥೆ. 1932ರಲ್ಲಿ ಆತ ತನ್ನ ದೇಶದ ಹುಡುಗರನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದು, ಯುರೋಪಿನ ಹುಡುಗರ ಜೊತೆ ಒಂದೇ ಶಿಬಿರದಲ್ಲಿ ಇರಿಸಿದ. ಆಯಾ ಭಾಷೆಯವರು ಆಯಾ ಗುಂಪು ಕಟ್ಟಿಕೊಂಡು ಕೂತರು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಯಾವ ಮೇಷ್ಟರಿಗೂ ಇದು ಆಶ್ಚರ್ಯವಲ್ಲ. ಬಸ್ಸಿನಲ್ಲೂ ಅವರವರ ಬೀದಿಯವರು ಅವರವರ ಪಕ್ಕದಲ್ಲೇ. ಶಿಬಿರ ಕೈಬಿಟ್ಟ ವಾಟ್ ಆಮೇಲೆ ಹುಡುಗರನ್ನು ಬಿಡಿಬಿಡಿಯಾಗಿ ಮನೆಗಳಿಗೆ ಹಂಚಿದ. ಹಾಗೆ 1934ರಲ್ಲಿ ಜರ್ಮನಿಗೆ ಹೋದವರಲ್ಲಿ ಸಾರ್ಜೆಂಟ್ ಶ್ರೈವರ್ ಒಬ್ಬ. ಮುಂದೆ 1961ರಲ್ಲಿ ಅವನೇ ಪೀಸ್ ಕೋರ್ ಸಂಸ್ಥೆಯ ಮೊದಲ ನಿರ್ದೇಶಕನಾದ. ಕೋಳಿ ಸಾಕುವುದನ್ನು ಕಲಿಸಲು ನಮ್ಮ ಮೈಸೂರು ರಾಜ್ಯದ ಹಳ್ಳಿಗಳಿಗೆ ಬಂದಿದ್ದ ಬಿಳಿ ಹುಡುಗರು ಆ ಸಂಸ್ಥೆಯವರೇ.

ಇನ್ನೊಂದು ಬೇರು ಯುದ್ಧದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಪಿಯಾಟ್ ಆಂಡ್ರ್ಯೂ ಎಂಬವನ ಮುಂದಾಳುತನದಲ್ಲಿ ಅಮೆರಿಕದ ಸ್ವಯಂಸೇವಕರು ಫ್ರಾನ್ಸಿನ ಗಾಯಾಳುಗಳನ್ನು ಫೋರ್ಡ್ ಗಾಡಿಗಳಲ್ಲಿ ಸಾಗಿಸುತ್ತಿದ್ದರು. ಅಮೆರಿಕನ್ ಫೀಲ್ಡ್ ಸರ್ವಿಸ್ ಎಂದು ಹೆಸರು. ಎರಡನೆಯ ಯುದ್ಧದಲ್ಲಿ ಇದೇ ಸಂಸ್ಥೆಯವರು ಬರ್ಮಾ ಗಡಿಯ ರಣರಂಗಕ್ಕೂ ಬಂದಿದ್ದರು. ಯುದ್ಧ ಮುಗಿದಾಗ ಮುಖ್ಯಸ್ಥ ಸ್ಟೀಫನ್ ಗಲಾಟಿ ಮತ್ತು ಅವನ ಡ್ರೈವರುಗಳು ಅಂಗಡಿ ಮುಚ್ಚಿ ಮನೆಗೆ ಹೋಗಲಿಲ್ಲ; 1947ರಲ್ಲಿ ಹತ್ತು ದೇಶಗಳಿಂದ 52 ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕರೆಸಿಕೊಂಡರು. ಸಂಬಳವಿಲ್ಲದೆ ಆಂಬುಲೆನ್ಸ್ ಓಡಿಸಿದವರಿಗೆ, ದುಡ್ಡಿಲ್ಲದೆ ಒಂದು ಮಗುವಿಗೆ ಅನ್ನ ಹಾಕಿ ಎಂದು ಊರವರನ್ನು ಕೇಳಲು ಸಂಕೋಚವಾಗಿರಲಾರದು. 1951ರಲ್ಲಿ ಬೇರೊಂದು ಏರ್ಪಾಡಿನಲ್ಲಿ 75 ಜರ್ಮನ್ ಹುಡುಗ ಹುಡುಗಿಯರು ಮಿಶಿಗನ್‌ಗೆ ಬಂದರು. ಯುದ್ಧ ನಿಂತು ಆರೇ ವರ್ಷ. ನಿನ್ನೆಯ ಶತ್ರುವಿನ ಮಗುವಿಗೆ ಬೆಳಗಿನ ತಿಂಡಿ ಕೊಟ್ಟ ಆ ತಾಯಂದಿರ ಬಗ್ಗೆ ನಾನು ತರಗತಿಯಲ್ಲಿ ಒಂದು ಸಾಲೂ ಪಾಠ ಮಾಡಿಲ್ಲ.

ಎಲ್ಲವೂ ಬರೀ ಧರ್ಮಕಾರ್ಯ ಎಂದೇನೂ ನಾನು ಹೇಳುವುದಿಲ್ಲ. ಆ ಕಾಲದ ಅಮೆರಿಕಕ್ಕೆ ರಷ್ಯಾದ ಎದುರು ತನ್ನ ಅಡುಗೆಮನೆ, ಕಾರು, ಫ್ರಿಜ್ಜು ತೋರಿಸಿಕೊಳ್ಳುವ ಆಸೆ ಇದ್ದೇ ಇತ್ತು. ಅಧ್ಯಕ್ಷ ಕೆನಡಿ ಫೀಲ್ಡ್ ಸರ್ವಿಸ್‌ನ ವಿನಿಮಯದಲ್ಲಿ ಬಂದ ಮಕ್ಕಳನ್ನು ಶ್ವೇತಭವನದ ಹುಲ್ಲುಹಾಸಿಗೆ ಕರೆಸಿ ಭಾಷಣ ಮಾಡಿದ್ದು ಸುಮ್ಮನೆ ಅಲ್ಲ.

ದುಡ್ಡಿಲ್ಲದೆ ವಿದ್ಯಾರ್ಥಿಗೆ ಊಟ ಹಾಕುವುದು ನಮಗೇನು ಹೊಸದೇ? ನಮ್ಮ ಮಾವನವರು ವಾರಾನ್ನದಲ್ಲಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಕೊನೆಯವರೆಗೂ ಆ ಮನೆಗಳ ಋಣ ನೆನೆಯುತ್ತಿದ್ದರು. ಆದರೆ ನಡುಮನೆ ದಾಟಿ ಒಳಗೆ ಹೋದದ್ದಿಲ್ಲ, ಇನ್ನೊಂದು ಸೌಟು ಸಾರು ಕೇಳಿದ್ದಿಲ್ಲ. ಹಾಕಿದ್ದನ್ನು ಉಂಡು, ಎಲೆ ಎತ್ತಿ, ಹೊರಡಬೇಕು. ವಾರಾನ್ನ ಸಿಗುತ್ತಿದ್ದದ್ದೂ ಬಹುಮಟ್ಟಿಗೆ ಸ್ವಜಾತಿಯ ಮನೆಗಳಲ್ಲೇ. ಎಲ್ಲ ಜಾತಿಯ ಬಡ ಮಕ್ಕಳಿಗೆ ಅನ್ನದ ಜೊತೆ ಇರಲು ಜಾಗವನ್ನೂ ಕೊಟ್ಟದ್ದು ಸಿದ್ಧಗಂಗೆಯಂಥ ಮಠಗಳು. ವಾರಾನ್ನ ದೊಡ್ಡ ಉಪಕಾರವೇ. ಉಂಡವನನ್ನು ಮಾತ್ರ ಮನೆಯವನೆಂದು ಎಣಿಸಲಿಲ್ಲ.

ವಿನಿಮಯದ ನಿಯಮ ಇದಕ್ಕೆ ತದ್ವಿರುದ್ಧ: ಬಂದವಳು ಅತಿಥಿಯಲ್ಲ, ಮನೆಯ ಮಗು. ಇದನ್ನು ನಾನು ಅತ್ತೆಗೆ ಓದಿ ಹೇಳಿದೆ. ಅಲ್ಲಿಯವರೆಗೆ ಹುಡುಗಿಗೆ ಬೆಳ್ಳಿ ಲೋಟದಲ್ಲಿ ಹಾಲು ಕೊಡುತ್ತಿದ್ದವರು, “ಮನೆ ಮಗು ಅಂದ್ಮೇಲೆ ಸೊಪ್ಪು ಬಿಡಿಸ್ಲಿ” ಎಂದು ದಂಟಿನ ಕಟ್ಟನ್ನು ಅವಳ ಮುಂದೆ ತಂದಿಟ್ಟರು. ಎಲೆ ಬಿಸಾಕಿ ದಂಟು ಉಳಿಸಿಕೊಂಡಳು. ಬೈಸಿಕೊಂಡಳು. ರಾತ್ರಿ ತಡವಾಗಿ ಬಂದ ದಿನ ಕನ್ನಡದಲ್ಲೇ ಬೈಸಿಕೊಂಡು, ಕನ್ನಡದಲ್ಲೇ ವಾದಿಸಿದಳು: “ಅಜ್ಜಿ, ಬಸ್ಸು ಬರ್ಲಿಲ್ಲ!” ಶಿಬಿರದಲ್ಲಿ ವಾಟ್‌ಗೆ ಸಿಗದೆ ಹೋದದ್ದು ಇಂಥ ಜಗಳವೇ ಇರಬೇಕು.

ರೋಟರಿಯಲ್ಲಿ ವರ್ಷದೊಳಗೆ ಮನೆ ಬದಲಾಯಿಸುವ ಪದ್ಧತಿ ಇದೆ. ಕುವೆಂಪುನಗರದ ಮುಂದಿನ ಮನೆಯಾಕೆ ಫೋನು ಮಾಡಿ, “ಅವಳಿಗೆ ಏನೇನು ಸೇರುತ್ತೆ, ಹೇಗೆ ನೋಡ್ಕೋಬೇಕು?” ಎಂದು ಕೇಳಿದರು. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. “ಎಲ್ಲಾ ತಿಂತಾಳೆ ಕಣಮ್ಮ. ಬೆಳಗ್ಗೆ ಮಾತ್ರ ಮೆತ್ತಗೆ ಕರೆದ್ರೆ ಏಳಲ್ಲ, ಎರಡು ಬೈಬೇಕು.”